ಯಾರದೂ ಅಲ್ಲದ ತಾಸು

ಸಿದ್ದಾರೂಢನ ಕುರ್ಚಿ ಇದ್ದದ್ದು ಸಂಡಾಸದ ಬಾಗಿಲಿಗೆ ಬೆನ್ನು ಹಚ್ಚಿ. ಹತ್ತೊಂಬತ್ತು ವರ್ಷದಿಂದ ಅಲ್ಲೇ. ಆ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಒಳಗಿದ್ದವರು ಹೊರಗೆ ಬರುವಾಗಲೆಲ್ಲ ಅವನ ಕುರ್ಚಿಗೆ ಬಡಿಯುತ್ತಿತ್ತು. ಆಫೀಸಿನ ಒಂಬತ್ತು ಜನರಲ್ಲಿ ಯಾರಿಗೆ ಹೊಟ್ಟೆ ಕೆಟ್ಟಿದೆ ಎಂಬುದು ಅವರವರ ಮನೆಯವರಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಇಂಥ ಕುರ್ಚಿಯಲ್ಲಿ ಕೂತ ಮನುಷ್ಯ ಕೆಟ್ಟವನಾಗಲೇಬೇಕೆಂದೇನೂ ಇಲ್ಲ. ಆದರೆ ಸಿದ್ದಾರೂಢ ಆದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಯಾರಾದರೂ ಅವನ ಪರ ವಹಿಸಿ ಕಣ್ಣೀರು ಹಾಕಿಯಾರು.

ಪುಣೆಯ ಬಿಬವೇವಾಡಿಯಲ್ಲಿದ್ದ ಆ ಆಫೀಸು ಬಾಳಕೃಷ್ಣ ಎಂಬ ಚಾರ್ಟರ್ಡ್ ಅಕೌಂಟೆಂಟರದು. ಕಾಳು, ಬೆಲ್ಲ, ಮೆಣಸಿನಕಾಯಿಯ ವ್ಯಾಪಾರಿಗಳೇ ಅವರ ಪಾರ್ಟಿಗಳು, ಅಂದರೆ ಗಿರಾಕಿಗಳು. ಅವರಲ್ಲಿ ಅರ್ಧಕ್ಕರ್ಧ ಜನ ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಪುಣೆಯಲ್ಲಿ ಬೇರು ಬಿಟ್ಟವರು. ಮೂವತ್ತು ವರ್ಷ ಅವರ ಲೆಕ್ಕಪತ್ರ ನೋಡಿದ ಬಾಳಕೃಷ್ಣರಿಗೆ ದೀಪಾವಳಿ ಹೊತ್ತಿಗೆ ಲಕ್ವಾ ಹೊಡೆಯಿತು. ಹಾಸಿಗೆ ಹಿಡಿದರು. ಮಗರಪಟ್ಟಾದ ದೊಡ್ಡ ಕಂಪನಿಯಲ್ಲಿ ಒಂಬತ್ತು ವರ್ಷ ದುಡಿದಿದ್ದ ಮಗಳು ಕೇತಕಿ ಆ ಕೆಲಸ ಬಿಟ್ಟು ಬಂದು ತಂದೆಯ ಆಫೀಸನ್ನು ಕೈಗೆ ತೆಗೆದುಕೊಂಡಳು. ತಂದೆಯ ಗಾಜಿನ ಕೋಣೆ ಅವಳಿಗೆ ಬೇಕಾಗಲಿಲ್ಲ. ಮೀಟಿಂಗ್ ರೂಮಿನಲ್ಲೇ ಲ್ಯಾಪ್‌ಟಾಪ್ ತೆರೆದು ಕೂತಳು. ಗಾಜಿನ ಕೋಣೆ ಖಾಲಿ ಉಳಿಯಿತು. ಅದರಲ್ಲಿ ಎಸಿ ಇತ್ತು, ಸುತ್ತುವ ಕುರ್ಚಿಯಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಅದು ಸಂಡಾಸದಿಂದ ಆಫೀಸಿನ ಇನ್ನೊಂದು ತುದಿಗಿತ್ತು. ಸಿದ್ದಾರೂಢ ದಿನಕ್ಕೆ ಹತ್ತು ಸಲ ಆ ಕಡೆ ನೋಡುತ್ತಿದ್ದ.

ಏಪ್ರಿಲ್ ಮೊದಲ ವಾರ ಕೇತಕಿ ಎಲ್ಲರನ್ನೂ ಕರೆದು ನಿಲ್ಲಿಸಿದಳು. ಅವಳಿಗೆ ಕನ್ನಡ ತಿಳಿಯುತ್ತಿತ್ತು, ಮಾತು ಮಾತ್ರ ಮರಾಠಿಯಲ್ಲೇ.

"ನಮ್ಮಲ್ಲಿ ಮುನ್ನೂರ ಹನ್ನೆರಡು ಪಾರ್ಟಿಗಳಿವೆ. ಯಾರ ಕೆಲಸಕ್ಕೆ ಎಷ್ಟು ಹೊತ್ತು ಹೋಗುತ್ತದೆ, ಒಬ್ಬರಾದರೂ ಹೇಳಿ ನೋಡೋಣ" ಎಂದಳು.

ಹೇಳುವುದು ಹೇಗೆ? ಗೊತ್ತಿದ್ದರಲ್ಲವೇ?

ಅವತ್ತಿನಿಂದ ಟೈಮ್‌ಶೀಟ್ ಶುರುವಾಯಿತು. ಪ್ರತಿ ಪಾರ್ಟಿಗೂ ಒಂದು ನಂಬರು. ಪ್ರತಿಯೊಬ್ಬರೂ ತಮ್ಮ ದಿನವನ್ನು ಹದಿನೈದು ನಿಮಿಷದ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ಯಾವುದಾದರೂ ಪಾರ್ಟಿಯ ಹೆಸರಿಗೆ ಕಂಪ್ಯೂಟರಿನಲ್ಲಿ ಏರಿಸಬೇಕು. ಯಾವ ಪಾರ್ಟಿಗೂ ಸೇರದ ಹೊತ್ತಿಗೆ ಕೊನೆಯಲ್ಲಿ ಒಂದು ಕಾಲಮ್ಮು. ಅದರ ತಲೆಯ ಮೇಲೆ 'ಯಾರದೂ ಅಲ್ಲ' ಎಂದು ಬರೆದಿತ್ತು. ಜುಲೈಯಿಂದ ಬಿಲ್ಲುಗಳೂ ತಾಸಿನ ಲೆಕ್ಕದಲ್ಲಿ, ತಿಂಗಳಿಗೊಮ್ಮೆ, ಕಂಪ್ಯೂಟರಿನಿಂದಲೇ ಸೀದಾ ಹೋಗುತ್ತವೆ.

ಇದನ್ನೆಲ್ಲ ಒಂದು ದಾರಿಗೆ ಹಚ್ಚುವ ಕೆಲಸ ಸಿದ್ದಾರೂಢನ ತಲೆಗೆ ಬಿತ್ತು. ಕಂಪ್ಯೂಟರು ಅವನ ಕೈಗೆ ಚೆನ್ನಾಗಿ ಒಗ್ಗಿತ್ತು. ಕೇತಕಿ ಅವನೊಬ್ಬನನ್ನೇ ಒಳಗೆ ಕರೆದು ಹೇಳಿದಳು: "ಜೂನ್ ಮುಗಿಯುವಷ್ಟರಲ್ಲಿ ಈ ಕೊನೆಯ ಕಾಲಮ್ಮು ಖಾಲಿಯಾಗಬೇಕು. ಖಾಲಿಯಾದರೆ ನೀವೇ ಮ್ಯಾನೇಜರು. ಆ ಗಾಜಿನ ಕೋಣೆ ನಿಮ್ಮದು. ಆಗದಿದ್ದರೆ ಹೊರಗಿನಿಂದ ಯಾರನ್ನಾದರೂ ತರುತ್ತೇನೆ."

ಸಿದ್ದಾರೂಢ ಆ ರಾತ್ರಿ ಹೆಂಡತಿ ನೀತಾಳಿಗೆ ಕೋಣೆಯ ಉದ್ದಗಲ ಹೇಳಿದ. ಅಳತೆ ಯಾವಾಗಲೋ ತೆಗೆದಿಟ್ಟಿದ್ದ.

ಮೊದಲ ವಾರ ದೊಡ್ಡ ಗೋಳಾಯಿತು. ಜಿಎಸ್‌ಟಿ ಕೆಲಸ ನೋಡುವ ಭುವನೇಶ್ವರಿ ಎದ್ದು ನಿಂತು, "ಸಿದ್ದಾರೂಢ ಸರ್, ಸಂಡಾಸಕ್ಕ ಹೋದ್ರ ಯಾವ ಪಾರ್ಟಿ ಹೆಸರಿಗೆ ಬರೀಬೇಕ್ರಿ?" ಎಂದು ಕೇಳಿದಳು. ಎಲ್ಲರೂ ನಕ್ಕರು. ಸಿದ್ದಾರೂಢ ನಗಲಿಲ್ಲ. "ಹೋಗೂ ಮುಂದ ಯಾರ ಫೈಲ್ ನೋಡ್ಲಿಕ್ಕತ್ತಿದ್ದಿ, ಅವರ ಹೆಸರಿಗೆ" ಎಂದ.

ತಮಾಷೆಗೆ ಹುಟ್ಟಿದ ಈ ಮಾತೇ ಆಫೀಸಿನ ಕಾನೂನಾಯಿತು. ಮನುಷ್ಯನಿಗೆ ಸುಳ್ಳು ಕಲಿಸುವುದು ಕಷ್ಟವಲ್ಲ, ಕಾಲಮ್ಮು ಹಾಕಿಕೊಟ್ಟರೆ ಸಾಕು. ಸುಖೇಶ್ ಕ್ರಿಕೆಟ್ ನೋಡಿದ ಹೊತ್ತು ಒಂದು ಬಂಗಾರದ ಅಂಗಡಿಯ ಹೆಸರಿಗೆ ಹೋಯಿತು. ಇನ್ನೊಬ್ಬರು ಹೆಂಡತಿಯ ಜೊತೆ ಫೋನಿನಲ್ಲಿ ಜಗಳವಾಡಿದ ಮುಕ್ಕಾಲು ತಾಸನ್ನು ಒಂದು ಎಣ್ಣೆ ಮಿಲ್ಲು ಹೊತ್ತುಕೊಂಡಿತು. ಸಿದ್ದಾರೂಢ ಸಂಜೆ ಐದೂವರೆಗೆ ಒಬ್ಬೊಬ್ಬರ ಟೇಬಲ್ಲಿಗೆ ಹೋಗಿ, ಉಳಿದ ಚೂರುಪಾರು ತಾಸುಗಳನ್ನು ಯಾವ ದೊಡ್ಡ ಪಾರ್ಟಿಗೆ ಹಚ್ಚಿದರೆ ಕಣ್ಣಿಗೆ ಬೀಳುವುದಿಲ್ಲ ಎಂದು ತೋರಿಸಿಕೊಡುತ್ತಿದ್ದ. ಮೇ ಮುಗಿಯುವಷ್ಟರಲ್ಲಿ ಎಂಟು ಜನರ ಕೊನೆಯ ಕಾಲಮ್ಮು ತೊಳೆದ ತಟ್ಟೆಯ ಹಾಗೆ ಖಾಲಿಯಾಯಿತು.

ಒಂಬತ್ತನೆಯವರು ನಿಜಲಿಂಗಪ್ಪ.

ನಿಜಲಿಂಗಪ್ಪ ಆಫೀಸಿನ ಎಲ್ಲರಿಗಿಂತ ಹಿರಿಯ ಗುಮಾಸ್ತರು, ಸಿದ್ದಾರೂಢನ ಊರಿನವರೇ. ಇಪ್ಪತ್ತೆರಡರ ಹುಡುಗ ಸಿದ್ದಾರೂಢ ಬಿ.ಕಾಂ. ಪಾಸಾಗಿ ಊರಲ್ಲಿ ಕಟ್ಟೆ ಕಾಯುತ್ತಿದ್ದಾಗ ಅವನ ತಾಯಿ ಶಿವಬಸವ್ವ ಇವರ ಕೈ ಹಿಡಿದು, "ನಿಜಲಿಂಗಾ, ಇದನ್ನೊಂದು ಮನಷ್ಯಾನ್ನ ಮಾಡು" ಎಂದಿದ್ದಳು. ಇವರು ಪುಣೆಗೆ ಕರೆತಂದರು. ಎರಡು ವರ್ಷ ತಮ್ಮ ಮನೆಯಲ್ಲಿ ಉಣ್ಣಿಸಿದರು. ಕೆಲಸ ಕೊಡಿಸಿದರು. ಕೆಲಸ ಕಲಿಸಿದವರೂ ಅವರೇ. ಸಿದ್ದಾರೂಢ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದ.

ಈ ಕಾಕಾನ ಹತ್ತಿರ ಕಂಪ್ಯೂಟರು ಸುಳಿಯುತ್ತಿರಲಿಲ್ಲ. ಅವರ ಟೈಮ್‌ಶೀಟು ಅಂಗಿಯ ಕಿಸೆಯಲ್ಲಿದ್ದ ಒಂದು ಚಿಕ್ಕ ಡೈರಿ. ಪ್ರತಿ ಸಂಜೆ ಅದನ್ನು ನೋಡಿ ಕಂಪ್ಯೂಟರಿಗೆ ಏರಿಸುವವನು ಸಿದ್ದಾರೂಢ. ಆ ಡೈರಿಯಲ್ಲಿ ಸುಳ್ಳಿಗೆ ಜಾಗವಿರಲಿಲ್ಲ. 'ಚಹಾ, ಕಾಲು ತಾಸು, ಯಾರದೂ ಅಲ್ಲ.' 'ಬೆಲ್ಲದ ಅಂಗಡಿಯವರ ಮಗಳ ಸೀಮಂತ, ಎರಡು ತಾಸು, ಯಾರದೂ ಅಲ್ಲ.' ಸಾವಿನ ಮನೆಗಳಂತೂ ತಿಂಗಳಿಗೆ ಎರಡೋ ಮೂರೋ ಇದ್ದೇ ಇರುತ್ತಿದ್ದವು. ಯಾವ ಪಾರ್ಟಿಯ ಮನೆಯಲ್ಲಿ ಸಾವಾದರೂ ಆಫೀಸಿನ ಪರವಾಗಿ ಮಾತಾಡಿಸಲು ಹೋಗುವವರು ನಿಜಲಿಂಗಪ್ಪ. ಬಾಳಕೃಷ್ಣರು ಹಾಕಿಕೊಟ್ಟ ಪದ್ಧತಿ ಅದು. ಹೋಗಿ, ಚಾಪೆಯ ಮೇಲೆ ಕೂತು, "ಹೆಂಗಾತ್ರಿ?" ಎಂದು ಒಂದೇ ಮಾತು ಕೇಳಿ ಸುಮ್ಮನಾಗುತ್ತಿದ್ದರು. ಮನೆಯವರು ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸುವವರೆಗೂ ಏಳುತ್ತಿರಲಿಲ್ಲ. ಮಧ್ಯೆ ಅತ್ತರೆ ಕಾಯುತ್ತಿದ್ದರು. ಮತ್ತೆ ಮೊದಲಿನಿಂದ ಶುರುಮಾಡಿದರೆ ಮತ್ತೆ ಕೇಳುತ್ತಿದ್ದರು. ಹೊಸ ಆಫೀಸುಗಳು ಎಷ್ಟು ಬಲೆ ಬೀಸಿದರೂ ಆ ವ್ಯಾಪಾರಿಗಳು ಬಾಳಕೃಷ್ಣರನ್ನು ಬಿಟ್ಟು ಕದಲದೆ ಇದ್ದದ್ದು ಯಾಕೆ ಎಂಬುದು ಯಾವ ಶೀಟಿನಲ್ಲೂ ಬರೆದಿರಲಿಲ್ಲ.

"ಕಾಕಾ, ಈ ತಾಸು ಅವರವರ ಹೆಸರಿಗೇ ಹಚ್ಚಿಬಿಡೂಣ್ರಿ" ಎಂದು ಸಿದ್ದಾರೂಢ ಮೇ ತಿಂಗಳಲ್ಲಿ ಮೂರು ಸಲ ಹೇಳಿ ನೋಡಿದ.

"ಸತ್ತವರ ಮನಿಗೆ ಹೋಗಿದ್ದು ಯಾರ ಹೆಸರಿಗೆ ಹಚ್ಚತೀಯೋ ತಮ್ಮಾ? ಸತ್ತವನ ಹೆಸರಿಗೇನು?" ಎಂದು ಕಾಕಾ ನಕ್ಕರು. "ಇರಲಿ ಬಿಡು. ಒಂದ್ ಕಾಲಮ್ಮಿನಾಗ ನಾಕ್ ತಾಸು ಇದ್ರ ಆಫೀಸ್ ಮುಳಗೂದಿಲ್ಲ."

ಆಫೀಸು ಮುಳುಗುವುದಿಲ್ಲ, ನಿಜ. ಮುಳುಗುವುದು ಗಾಜಿನ ಕೋಣೆ. ಅದನ್ನು ಸಿದ್ದಾರೂಢ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಮುದುಕ ಏನಾದರೂ ದಾರಿ ಹುಡುಕುತ್ತಿದ್ದನೇನೋ. ಆದರೆ ಕೇಳಿ ಪಡೆಯುವುದು ಸಿದ್ದಾರೂಢನಿಗೆ ಆಗದ ಕೆಲಸ. ಎರಡು ವರ್ಷ ಆ ಮನೆಯಲ್ಲಿ ಉಂಡ ಅನ್ನ ಅವನಿಗೆ ಇನ್ನೂ ಗಂಟಲಲ್ಲೇ ಇತ್ತು.

ಜೂನ್ ಆರಕ್ಕೆ, ಪುಣೆಯಿಂದ ಬಸ್ಸಿನಲ್ಲಿ ಎರಡು ತಾಸು ದೂರದ ಶಿರೂರಿನ ಕಾಳಿನ ವ್ಯಾಪಾರಿ ಹಣಮಂತ್ರಾಯ ತೀರಿಕೊಂಡರು. ಮೂಲ ಕಲಬುರಗಿ ಕಡೆಯವರು, ಆಫೀಸಿನ ಬಹಳ ಹಳೆಯ ಪಾರ್ಟಿ. ಅಂಗಡಿಯಲ್ಲಿ ಕೂತಲ್ಲೇ ಎದೆನೋವು ಬಂದದ್ದಂತೆ. ಮೂರು ದಿನ ಬಿಟ್ಟು ನಿಜಲಿಂಗಪ್ಪ ಬೆಳಗಿನ ಬಸ್ಸು ಹತ್ತಿದರು. ಮರುದಿನ ಆಫೀಸಿಗೆ ಬಂದವರು ಚಹಾ ಕುಡಿಯುತ್ತ ಎಲ್ಲರಿಗೂ ಹೇಳಿದರು.

"ಮನಿ ತುಂಬ ಮಂದಿ. ಬಾಗಲದಾಗ ಚಪ್ಪಲ್ಲಿನ ರಾಶಿ. ಏಳೂಮುಂದ ನೋಡ್ತೀನಿ, ನಂದೊಂದ್ ಅದ, ಇನ್ನೊಂದಿಲ್ಲ. ಅರ್ಧ ತಾಸು ಹುಡುಕೀನಿ. ಆ ದುಃಖದಾಗೂ ಸಾವಿತ್ರಿಬಾಯಿ ತಾವೇ ಹೊರಗ ಬಂದು ಹುಡುಕಿಕೊಟ್ಟರು. ಭಾಳ ದೊಡ್ಡ ಮನಸಿನ ಹೆಣಮಗಳು."

ಸಾವಿತ್ರಿಬಾಯಿ ಅಂದರೆ ಹಣಮಂತ್ರಾಯರ ಹೆಂಡತಿ. ಡೈರಿಯಲ್ಲಿ ಆ ದಿನದ ಬರಹ ಹೀಗಿತ್ತು: 'ಶಿರೂರು, ಹಣಮಂತ್ರಾಯರ ಮನೆ, ಮಾತಾಡಿಸಲು. ಬಸ್ಸು ಹೋಗಿ ಬಂದು ನಾಲ್ಕು ತಾಸು. ಕೂತದ್ದು ಮೂರೂವರೆ. ಚಪ್ಪಲಿ ಹುಡುಕಿದ್ದು ಅರ್ಧ. ಯಾರದೂ ಅಲ್ಲ.'

ಜೂನ್ ಮೂವತ್ತರ ಸಂಜೆ ಎಲ್ಲರೂ ಎದ್ದು ಹೋದ ಮೇಲೆ ಸಿದ್ದಾರೂಢ ಒಬ್ಬನೇ ಕೂತ. ಕೊನೆಯ ಕಾಲಮ್ಮಿನಲ್ಲಿ ಇಡೀ ಆಫೀಸಿನದು ಅಂತ ಉಳಿದದ್ದು ಹತ್ತೊಂಬತ್ತು ತಾಸು. ಅಷ್ಟೂ ಕಾಕಾನದೇ. ಚಹಾದ ಚೂರುಗಳನ್ನೂ ಸೀಮಂತ, ಗೃಹಪ್ರವೇಶಗಳನ್ನೂ ಅಲ್ಲಲ್ಲಿ ಹಂಚಿದ. ಶಿರೂರಿನ ಎಂಟು ತಾಸು ಉಳಿಯಿತು. ಅದನ್ನು ಬೇರೆ ಯಾರ ಹೆಸರಿಗೂ ಹಚ್ಚುವಂತಿರಲಿಲ್ಲ; ಪ್ರಯಾಣದ ತಾಸನ್ನು ಊರಿನ ಹೆಸರಿನ ಜೊತೆಗೇ ಏರಿಸಬೇಕು, ಶಿರೂರಿನಲ್ಲಿ ಆಫೀಸಿಗಿದ್ದದ್ದು ಒಂದೇ ಪಾರ್ಟಿ. ಹಣಮಂತ್ರಾಯರ ನಂಬರು ಒತ್ತಿದ. ಪ್ರಯಾಣ, ನಾಲ್ಕು ತಾಸು. ಭೇಟಿ ಮತ್ತು ಸಲಹೆ, ನಾಲ್ಕು ತಾಸು. ಸಿಬ್ಬಂದಿಯ ಹೆಸರು ನಿಜಲಿಂಗಪ್ಪ.

ಇದು ಬಿಲ್ಲಾಗಿ ಹೋಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಸತ್ತವರ ಮನೆಯಲ್ಲಿ ಬಿಲ್ಲು ಯಾರು ಬಿಡಿಸಿ ಓದುತ್ತಾರೆ ಎಂದುಕೊಂಡ. ಓದಿದರೂ ಅದರಲ್ಲಿರುವುದು ಕಾಕಾನ ಹೆಸರು ಎಂದೂ ಅಂದುಕೊಂಡ. ಬಟನ್ನು ಒತ್ತಿ, ದೀಪ ಆರಿಸಿ, ಮನೆಗೆ ಹೋಗಿ ಹೊಟ್ಟೆತುಂಬ ಉಂಡ.

ಜುಲೈ ಎರಡಕ್ಕೆ ಗಾಜಿನ ಕೋಣೆಯ ಬಾಗಿಲಿಗೆ ಅವನ ಹೆಸರಿನ ಫಲಕ ಬಂತು. ಕಾಕಾ ಎಲ್ಲರಿಗೂ ಪೇಢೆ ಹಂಚಿದರು. ಶಿವಬಸವ್ವನಿಗೆ ತಾವೇ ಫೋನ್ ಮಾಡಿ, "ಅಕ್ಕಾ, ನಿನ್ನ ಮಗಾ ಸಾಹೇಬ ಆದ" ಎಂದರು. ಪೇಢೆಗೆ ಹೋದ ಕಾಲು ತಾಸನ್ನು ಡೈರಿಯಲ್ಲಿ ಎಂದಿನಂತೆ ಬರೆದುಕೊಂಡರು.

ಹದಿನೈದು ದಿನ ಸಿದ್ದಾರೂಢ ಎಸಿಯ ತಂಪಿನಲ್ಲಿ ಕೂತ. ಹದಿನಾರನೆಯ ದಿನ ಸಾವಿತ್ರಿಬಾಯಿ ಬಂದಳು.

ಐವತ್ತು ದಾಟಿದ ಹೆಂಗಸು, ಸಣ್ಣ ಮೈ. ಶಿರೂರಿನಿಂದ ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ಅಂಗಡಿಯ ಲೆಕ್ಕವನ್ನು ಇಪ್ಪತ್ತೈದು ವರ್ಷ ತಾನೇ ಬರೆದವಳು ಎಂಬುದು ಸಿದ್ದಾರೂಢನಿಗೆ ಗೊತ್ತಿರಲಿಲ್ಲ. ಕಾಗದ ಎಂದರೆ ಮೊದಲ ಅಕ್ಷರದಿಂದ ಕೊನೆಯವರೆಗೆ ಓದುವ ಹೆಂಗಸು ಅವಳು.

ನಿಜಲಿಂಗಪ್ಪ ಅವಳನ್ನು ನೋಡಿ ಎದ್ದು ನಿಂತರು. "ಬರ್ರಿ ತಂಗೀ, ಕೂಡ್ರಿ. ಇಷ್ಟ್ ದೂರ ಯಾಕ ಬರಲಿಕ್ಕ ಹೋದ್ರಿ? ಫೋನ್ ಮಾಡಿದ್ರ ನಾನೇ ಬರತಿದ್ದೆ."

"ಬ್ಯಾಡ್ರಿ ಅಣ್ಣಾರ" ಎಂದಳು ಸಾವಿತ್ರಿಬಾಯಿ. "ನೀವು ಬಂದ್ರ ಮತ್ತ ನಾಕ್ ತಾಸು ಬಸ್ಸಿಂದು ಕೂಡ್ತದ."

ಕಾಕಾನಿಗೆ ಅರ್ಥವಾಗಲಿಲ್ಲ. ಅವಳು ಕೂರಲಿಲ್ಲ. ಕೈಚೀಲದಿಂದ ಬಿಲ್ಲು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟು, ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ನಿಮ್ಮ ಎಣಿಕಿ ತಪ್ಪ್ಯಾದ. ನೀವು ನಮ್ಮನ್ಯಾಗ ಕುಂತಿದ್ದು ಮೂರೂವರಿ ತಾಸು. ಗೋಡಿ ಮ್ಯಾಲ ಗಡಿಯಾರ ಇತ್ತು. ಇಲ್ಲಿ ನಾಕು ಅಂತ ಹಾಕೀರಿ. ಅರ್ಧ ತಾಸು ನೀವು ಚಪ್ಪಲ್ ಹುಡುಕಿದ್ರಿ. ಅದಕ್ಕೂ ನಾವೇ ಕೊಡಬೇಕೇನ್ರಿ?"

ಇಡೀ ಆಫೀಸು ಕೆಲಸ ನಿಲ್ಲಿಸಿತು. ನಿಜಲಿಂಗಪ್ಪ ಕನ್ನಡಕ ಹಾಕಿಕೊಂಡು ಬಿಲ್ಲು ಓದಿದರು. ಒಮ್ಮೆ ಓದಿ ನಂಬದೆ ಮತ್ತೊಮ್ಮೆ ಓದಿದರು.

"ಅಣ್ಣಾರ, ತಾಸಿನ ಲೆಕ್ಕ ಅಂತ ಅವತ್ತೇ ಒಂದ್ ಮಾತು ಹೇಳಬೇಕಿತ್ರಿ" ಎಂದಳು ಸಾವಿತ್ರಿಬಾಯಿ. ಅವಳ ದನಿ ಏರಲಿಲ್ಲ. "ನಮ್ಮ ಲಗ್ನದ ಸುದ್ದಿ, ಅವರು ಮದ್ಲ ಅಂಗಡಿ ಹಾಕಿದ್ದು, ಎಲ್ಲಾ ಹೇಳಿಕೋತ ಕುಂತೆ. ಗೊತ್ತಿದ್ರ ಹೇಳತಿದ್ದಿಲ್ಲ. ದವಾಖಾನಿದಷ್ಟ ಹೇಳಿ ಮುಗಸ್ತಿದ್ದೆ. ಕಾಲು ತಾಸಿನಾಗ ಆಗತಿತ್ತು."

ಗಾಜಿನ ಕೋಣೆಯ ಬಾಗಿಲಲ್ಲಿ ಸಿದ್ದಾರೂಢ ಬಂದು ನಿಂತಿದ್ದ. ಕೇತಕಿಯೂ ಮೀಟಿಂಗ್ ರೂಮಿನಿಂದ ಹೊರಗೆ ಬಂದಳು. ನಿಜಲಿಂಗಪ್ಪ ತಲೆಯೆತ್ತಿ ಸಿದ್ದಾರೂಢನನ್ನು ನೋಡಿದರು. ಬೈಗುಳ ಇರಲಿಲ್ಲ ಆ ನೋಟದಲ್ಲಿ. ನೀನೇ ಹೇಳು ಎಂದಷ್ಟೇ ಇತ್ತು.

ಸಿದ್ದಾರೂಢ ಹೇಳಿದ. "ಕಾಕಾನ ಡೈರಿದಾಗ ಎಂಟು ತಾಸು ಅಂತ ಇತ್ತು. ಅದನ್ನ ಏರಿಸೀನಿ."

ಒಂದಕ್ಷರ ಸುಳ್ಳಿಲ್ಲ. ಎಂಟು ತಾಸು ಅಂತ ಇತ್ತು, ಅದನ್ನೇ ಏರಿಸಿದ್ದ. ಇಂಥ ನಿಜ ಹೇಳುವವನ ನಾಲಿಗೆಗೆ ಹುಳ ಬೀಳಬೇಕು.

ಡೈರಿ ನಿಜಲಿಂಗಪ್ಪನ ಕಿಸೆಯಲ್ಲೇ ಇತ್ತು. ಕೈ ಅಲ್ಲಿಗೆ ಹೋಯಿತು. ತೆಗೆದು ಕೇತಕಿಯ ಮುಂದೆ ಹಿಡಿದರೆ ಸಾಕು, 'ಯಾರದೂ ಅಲ್ಲ' ಎಂಬ ಎರಡು ಮಾತು ತಾನೇ ಎದ್ದು ಸಾಕ್ಷಿ ಹೇಳುತ್ತಿತ್ತು. ಬಾಗಿಲ ಮೇಲಿನ ಫಲಕ ಸಂಜೆಯೊಳಗೆ ಕೆಳಗಿಳಿಯುತ್ತಿತ್ತು. ಅವರ ಕೈ ಕಿಸೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕೆಳಗಿಳಿಯಿತು. ಶಿವಬಸವ್ವ ಹಿಡಿದ ಕೈ ಅದು. ಕಾಕಾ ಬಾಯಿ ಬಿಡುವುದಿಲ್ಲ ಎಂದು ಸಿದ್ದಾರೂಢನಿಗೆ ಜೂನ್ ಮೂವತ್ತಕ್ಕೇ ಗೊತ್ತಿತ್ತು. ಗೊತ್ತಿದ್ದೇ ಮಾಡಿದ್ದು.

"ತಪ್ಪ ನಂದೇ ತಾಯಿ" ಎಂದರು ನಿಜಲಿಂಗಪ್ಪ. "ಕ್ಷಮಾ ಮಾಡ್ರಿ."

ಕೇತಕಿಗೆ ವಿಷಯ ತಿಳಿದು ಮುಖ ಕೆಂಪಾಯಿತು. ಸಾವಿತ್ರಿಬಾಯಿಗೆ ಮರಾಠಿಯಲ್ಲಿ ಹತ್ತು ಸಲ ಕ್ಷಮೆ ಕೇಳಿದಳು, ಬಿಲ್ಲು ಹರಿದುಹಾಕುತ್ತೇನೆ ಎಂದಳು. ಸಾವಿತ್ರಿಬಾಯಿ ಒಪ್ಪಲಿಲ್ಲ. ಮೂರೂವರೆ ತಾಸಿನ ಲೆಕ್ಕಕ್ಕೆ, ಬಸ್ಸಿನ ನಾಲ್ಕು ತಾಸು ಕೂಡಿಸಿ, ಎಣಿಸಿ ಮೇಜಿನ ಮೇಲಿಟ್ಟಳು. ರಸೀದಿ ಕೇಳಿದಳು. ರಸೀದಿ ಬರೆದುಕೊಟ್ಟವನು ಸಿದ್ದಾರೂಢ. ಹೋಗುವಾಗ ಅವಳು ನಿಜಲಿಂಗಪ್ಪನ ಕಾಲ ಕಡೆ ನೋಡಿ, "ಈಗ ಎರಡೂ ಅವಲ್ರಿ?" ಎಂದಳು.

ಅದೇ ಸಂಜೆ ಕೇತಕಿ ನಿಜಲಿಂಗಪ್ಪನನ್ನು ಒಳಗೆ ಕರೆದಳು. ಸಾವಿನ ಮನೆಯಲ್ಲಿ ಕೂತು ತಾಸು ಎಣಿಸುವವರು ತನ್ನ ತಂದೆಯ ಆಫೀಸಿನಲ್ಲಿ ಬೇಡ ಎಂದಳು. ಮನಸ್ಸಿನಿಂದಲೇ ಹೇಳಿದಳು, ಪಾಪ. ಕಾಲಮ್ಮು ಖಾಲಿಯಾಗಬೇಕು ಎಂದವಳು ತಾನೇ ಎಂಬುದು ಅವಳಿಗೆ ನೆನಪಾಗಲಿಲ್ಲ. ದೊಡ್ಡವರಿಗೆ ಆಗುವುದೂ ಇಲ್ಲ.

ವಾರದ ಕೊನೆಗೆ ಕಾಕಾನ ಬೀಳ್ಕೊಡುಗೆಯಾಯಿತು. ಶಾಲು ಇರಲಿಲ್ಲ, ಭಾಷಣ ಇರಲಿಲ್ಲ. ಚಹಾ, ಎರಡೆರಡು ಬಿಸ್ಕತ್ತು. ಭುವನೇಶ್ವರಿ ಅತ್ತಳು. ಕಾಕಾ ಊಟದ ಡಬ್ಬಿ, ಛತ್ರಿ ಎತ್ತಿಕೊಂಡು ಮೆಟ್ಟಿಲಿಳಿದರು. ಆ ಚಹಾಕ್ಕೆ ಒಬ್ಬೊಬ್ಬರದೂ ಅರ್ಧರ್ಧ ತಾಸು ಹಿಡಿದಿತ್ತು. ಸಿದ್ದಾರೂಢ ಅಷ್ಟನ್ನೂ ಆ ಎಣ್ಣೆ ಮಿಲ್ಲಿನ ಹೆಸರಿಗೆ ಹಚ್ಚಿದ.

ಸುದ್ದಿ ನಿಲ್ಲುತ್ತದೆಯೇ? ಶಿರೂರಿನಿಂದ ಪುಣೆಯ ಮಾರುಕಟ್ಟೆಗೆ ಕಾಳಿನ ಚೀಲದ ಜೊತೆಗೇ ಬಂತು. ಆ ಆಫೀಸಿನವರು ಸಾವಿಗೂ ಮೀಟರು ಹಾಕುತ್ತಾರಂತೆ ಎಂದು ಅಂಗಡಿ ಅಂಗಡಿಯಲ್ಲಿ ಆಡಿಕೊಂಡರು. ನಿಜಲಿಂಗಪ್ಪ ಶಿರೂರಿಗೆ ತಾವಾಗಿ ಹೋದರು. ಬಾಗಿಲಲ್ಲೇ ನೀರು ಕೊಟ್ಟು ಕಳಿಸಿದರು. ಶ್ರಾವಣದಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯ ತಂದೆ ತೀರಿದಾಗ ಮಾತಾಡಿಸಲು ಹೋದರೆ, ಮಗ ಕೈ ಮುಗಿದು, "ಅಣ್ಣಾರ, ಇವತ್ತ ನಮಗ ಟೈಮ್ ಇಲ್ರೀ" ಎಂದ. ಅಲ್ಲಿಂದ ಮುಂದೆ ಅವರು ಯಾರ ಮನೆಗೂ ಹೋಗಲಿಲ್ಲ. ಮೂವತ್ತು ವರ್ಷ ಗಳಿಸಿದ್ದು ಅದೊಂದೇ ಆಗಿತ್ತು ಅವರಿಗೆ. ಅದೂ ಹೋಯಿತು.

ಇತ್ತ ಸಿದ್ದಾರೂಢನ ಮನೆಯಲ್ಲಿ ಶಿವಬಸವ್ವ ಕೇಳುತ್ತಲೇ ಇದ್ದಳು. ಅವಳಿಗೆ ಎಪ್ಪತ್ತೆಂಟು. ಮಗ ಸಾಹೇಬನಾದ ಮೇಲೆ ಊರುಬಿಟ್ಟು ಅವನ ಜೊತೆ ಬಂದಿದ್ದಳು.

"ನಿಜಲಿಂಗ ಯಾಕೋ ಬರವಲ್ಲ? ಆದಿತವಾರ ತಪ್ಪದ ಬರ್ತೀನಿ ಅಂದಿದ್ದ."

"ಅವರಿಗೆ ವ್ಯಾಳ್ಯಾ ಇಲ್ಲಬೇ" ಎನ್ನುತ್ತಿದ್ದ ಸಿದ್ದಾರೂಢ. ಪ್ರತಿ ಆದಿತವಾರವೂ ಇದೇ ಮಾತು. ಮುದುಕಿ ಫೋನು ಹಚ್ಚಿಕೊಡು ಎಂದರೆ ನಂಬರು ಬದಲಾಗಿದೆ ಎನ್ನುತ್ತಿದ್ದ.

ಡಿಸೆಂಬರಿನ ಒಂದು ಬೆಳಗ್ಗೆ ಶಿವಬಸವ್ವ ಬಚ್ಚಲಿನಲ್ಲಿ ಬಿದ್ದಳು. ಸಂಜೆಗೆ ಮುಗಿಯಿತು.

ಮಣ್ಣಿಗೆ ಊರಿನಿಂದ ನೆಂಟರು ಬಂದರು, ಮೂರನೆಯ ದಿನ ಮುಗಿಸಿ ವಿಜಯಪುರದ ಬಸ್ಸು ಹತ್ತಿದರು. ಪಾರ್ಟಿಗಳೂ ಬಂದರು. ಮ್ಯಾನೇಜರ ತಾಯಿ ಅಂದ ಮೇಲೆ ಬರದಿದ್ದರೆ ಆದೀತೇ? ಒಬ್ಬೊಬ್ಬರೇ ಬಂದು ಚಾಪೆಯ ಮೇಲೆ ಕೂತು, "ಹೆಂಗಾತ್ರಿ?" ಎಂದರು. ಸಿದ್ದಾರೂಢ, "ಮುಂಜಾನೆ ಎದ್ದು ಚಹಾ ಕುಡದಳ್ರಿ. ಇನ್ನೊಂದ್ ಕಪ್ ಕೊಡ ಅಂದಳು..." ಎಂದು ಶುರುಮಾಡುತ್ತಿದ್ದ. ಅವ್ವ ಚಹಾ ಮುಗಿಸಿ ಬಚ್ಚಲಿಗೆ ಹೋಗುವಷ್ಟರಲ್ಲಿ ಎದುರಿಗಿದ್ದವರ ಕಣ್ಣು ಕೈಗಡಿಯಾರಕ್ಕೆ ಹೋಗಿರುತ್ತಿತ್ತು. ಸರಿಯಾಗಿ ಕಾಲು ತಾಸಿಗೆ ಏಳುತ್ತಿದ್ದರು. ಒಬ್ಬ ಮೆಣಸಿನಕಾಯಿ ವ್ಯಾಪಾರಿ ಹದಿನಾಲ್ಕು ನಿಮಿಷಕ್ಕೇ ಎದ್ದು, ಬಾಗಿಲಲ್ಲಿ ಇನ್ನೊಬ್ಬನಿಗೆ ಕಣ್ಣು ಹೊಡೆದ. ಕೇತಕಿ ಹೂವಿನ ಹಾರ ಕಳಿಸಿದಳು. ನಾಲ್ಕು ದಿನದಲ್ಲಿ ಮೂವತ್ತು ಜನರಿಗೆ ಹೇಳಲು ಕೂತರೂ ಸಿದ್ದಾರೂಢನ ಅವ್ವ ಒಬ್ಬರ ಮುಂದೆಯೂ ಆಸ್ಪತ್ರೆಯವರೆಗೆ ಮುಟ್ಟಲಿಲ್ಲ. ಹೇಳದೆ ಉಳಿದದ್ದು ಅವನ ಎದೆಯಲ್ಲಿ ಕಲ್ಲಾಗಿ ಕೂತಿತು. ರಾತ್ರಿ ಗೋಡೆಗೆ ಹೇಳಿಕೊಳ್ಳುತ್ತಿದ್ದ.

ಆರನೆಯ ದಿನ ಬೆಳಗ್ಗೆ ಎಂಟೂವರೆಗೆ ನಿಜಲಿಂಗಪ್ಪ ಬಂದರು.

ಸಿದ್ದಾರೂಢ ಗೋಡೆಗೊರಗಿ ಕೂತಿದ್ದ. ಕಾಕಾ ಬಡವಾಗಿದ್ದರು. ಬಾಗಿಲಾಚೆ ಚಪ್ಪಲಿ ಬಿಟ್ಟು ಒಳಬಂದು, ಶಿವಬಸವ್ವನ ಫೋಟೋದ ಮುಂದೆ ತಲೆ ಬಾಗಿ, ಚಾಪೆಯ ಮೇಲೆ ಅವನ ಎದುರಿಗೇ ಕೂತರು.

"ಹೆಂಗಾತೋ ತಮ್ಮಾ?"

ಅಷ್ಟೇ. ಆಮೇಲೆ ಅವರು ಮಾತಾಡಲಿಲ್ಲ. ಸಿದ್ದಾರೂಢ ಚಹಾದಿಂದ ಶುರುಮಾಡಿದ. ಬಚ್ಚಲು ದಾಟಿದ. ಆಂಬುಲೆನ್ಸು ಗದ್ದಲದಲ್ಲಿ ಸಿಕ್ಕಿಬಿದ್ದದ್ದು, ಅವ್ವ ಅವನ ಬೆರಳು ಹಿಡಿದುಕೊಂಡದ್ದು, ಡಾಕ್ಟರು ಹೊರಗೆ ಕಳಿಸಿದ್ದು, ಕೊನೆಗೆ ನರ್ಸಮ್ಮ ಬಂದು ಕರೆದದ್ದು, ಎಲ್ಲ ಹೇಳಿದ. ಅತ್ತ. ಕಾಕಾ ಕಾದರು. ಮತ್ತೆ ಮೊದಲಿನಿಂದ ಹೇಳಿದ. ಕಾಕಾ ಮತ್ತೆ ಕೇಳಿದರು. ಅಪ್ಪ ಸತ್ತ ವರ್ಷ ಅವ್ವ ಕೂಲಿಗೆ ಹೋದದ್ದು, ತನ್ನ ಬಿ.ಕಾಂ.ಗೆ ಎಮ್ಮೆ ಮಾರಿದ್ದು, ಅದೂ ಬಂತು. "ಸಾಯೂ ಮುಂಜಾನಿನೂ ನಿಮ್ಮನ್ನ ಕೇಳಿದಳ್ರಿ ಕಾಕಾ" ಎಂದ. ನಿಜಲಿಂಗಪ್ಪ ಕಣ್ಣು ಒರೆಸಿಕೊಂಡರು. ಸಿದ್ದಾರೂಢನ ಎದೆಯ ಕಲ್ಲು ಕರಗಿತು. ಕ್ಷಮಿಸಿಬಿಟ್ಟರು ಎಂದುಕೊಂಡ. ಇಂಥವರು ಕ್ಷಮಿಸದೆ ಇರುತ್ತಾರೆಯೇ?

"ಕಾಕಾ, ಆ ಶಿರೂರಿನ ತಾಸು ನಾ..." ಎಂದು ಬಾಯಿ ತೆರೆದ.

ನಿಜಲಿಂಗಪ್ಪ ಕೈ ಎತ್ತಿ ತಡೆದರು. "ಅವ್ವನ ಮಾತು ಹೇಳು. ಅದು ಮುಗೀತೇನು?"

"ಮುಗೀತ್ರಿ" ಎಂದ ಸಿದ್ದಾರೂಢ.

ಕಾಕಾ ಗೋಡೆಯ ಗಡಿಯಾರ ನೋಡಿದರು. ಎರಡು ಗಂಟೆ. ಕಿಸೆಯಿಂದ ಡೈರಿ ತೆಗೆದು, ಕನ್ನಡಕ ಹಾಕಿಕೊಂಡು, ಎಂದಿನ ದುಂಡು ಅಕ್ಷರದಲ್ಲಿ ನಿಧಾನವಾಗಿ ಬರೆದರು. ಆ ಹಾಳೆಯನ್ನು ಹರಿದು, ನಾಲ್ಕಾಗಿ ಮಡಚಿ, ಸಿದ್ದಾರೂಢನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು. ಸಾವಿನ ಮನೆಯಿಂದ ಏಳುವಾಗ ಬರ್ತೀನಿ ಅನ್ನುವ ರೂಢಿಯಿಲ್ಲ. ಏನೂ ಅನ್ನದೆ ಎದ್ದರು.

ಸಿದ್ದಾರೂಢ ಹಾಳೆ ಬಿಡಿಸಿದ.

'ಸಿದ್ದಾರೂಢನ ಮನೆ. ಕೂತದ್ದು ಐದೂವರೆ ತಾಸು. ಸಿದ್ದಾರೂಢನ ಹೆಸರಿಗೆ. ಚಪ್ಪಲಿ ಹುಡುಕಿದ್ದು, ಇಲ್ಲ.'

ಅವನು ತಲೆಯೆತ್ತಿ ಬಾಗಿಲ ಕಡೆ ನೋಡಿದ. ನಿಜಲಿಂಗಪ್ಪ ಬಗ್ಗಿ ಚಪ್ಪಲಿ ಮೆಟ್ಟುತ್ತಿದ್ದರು. ಹುಡುಕುವ ಮಾತೇ ಇರಲಿಲ್ಲ. ಹೊರಗೆ ಇದ್ದದ್ದು ಅದೊಂದೇ ಜೋಡಿ.